ಎಡ್ ರೀಡ್ ಆಟ ನೋಡೋದು ಹೇಗೆ: ಚೆಂಡು ಬಿಡಿ, 20ನೇ ನಂಬರ್ ಮೇಲೆ ಕಣ್ಣಿಡಿ

ಅಮೆರಿಕನ್ ಫುಟ್‌ಬಾಲ್ ಹೊಸದಾಗಿ ನೋಡೋರೆಲ್ಲ ಮಾಡೋ ಕೆಲಸ ಒಂದೇ, ಚೆಂಡು ಎಲ್ಲಿ ಹೋಗುತ್ತೋ ಅಲ್ಲೇ ಕಣ್ಣು ಹೋಗುತ್ತೆ. ನಾನೂ ಎರಡು ಸೀಸನ್ ಹಾಗೇ ನೋಡ್ದೆ. ಟಚ್‌ಡೌನ್, ಅಂದ್ರೆ ಚೆಂಡನ್ನ ಎದುರಿನೋರ ತುದಿಗೆ ಸೇರಿಸಿ ಅಂಕ, ಮಾಡಿದೋರ ಹೆಸರು ಬಾಯಿಪಾಠ ಆಯ್ತು, ಆದ್ರೆ ಡಿಫೆನ್ಸ್ ಅಂದ್ರೆ ಏನು ಅಂತ ಒಂದಿಷ್ಟೂ ತಲೆಗೆ ಹತ್ತಲಿಲ್ಲ. ಅಮೆರಿಕದ ಎನ್‌ಎಫ್‌ಎಲ್ ಲೀಗಿನ ಬಾಲ್ಟಿಮೋರ್ ರೇವನ್ಸ್ ಟೀಮಿಗೆ 20ನೇ ನಂಬರ್ ಜರ್ಸಿ ಹಾಕಿ ಆಡ್ತಿದ್ದ ಎಡ್ ರೀಡ್ ಆಟ ನೋಡೋಕೆ ಕೂತ ಮೇಲೇನೇ ಕಣ್ಣು ತೆರೀತು. ಅದಕ್ಕೇ ಈ ಆಟದಲ್ಲಿ ಡಿಫೆನ್ಸ್ ಕಲೀಬೇಕು ಅನ್ನೋರಿಗೆಲ್ಲ ನಾನು ಹೇಳೋದು ಇಷ್ಟೇ, ಒಬ್ಬ ಆಟಗಾರನ್ನ ಹಿಡ್ಕೊಳ್ಳಿ, ಅವನ ಕರಿಯರ್ ಶುರುವಿಂದ ಕೊನೇವರೆಗೂ ನೋಡಿ, ಮತ್ತೆ ಆ ಒಬ್ಬ ಎಡ್ ರೀಡೇ ಆಗಿರ್ಲಿ. ಹೇಗೆ ನೋಡ್ಬೇಕು, ಯಾವುದನ್ನ ಮೊದಲು ನೋಡ್ಬೇಕು, ನಂಬರ್‌ಗಳನ್ನ ಹೇಗೆ ಓದ್ಬೇಕು ಅಂತ ಕೆಳಗೆ ಬರ್ದಿದೀನಿ.

ಮೊದಲು ಜಾಗ ತಿಳ್ಕೊಳ್ಳಿ. ಮೈದಾನ 100 ಯಾರ್ಡ್ ಉದ್ದ, ಎರಡೂ ತುದೀಲಿ 10 ಯಾರ್ಡಿನ ಎಂಡ್ ಝೋನ್. ಒಂದೊಂದು ಟೀಮಿಂದ 11 ಜನ. ಚೆಂಡು ಇರೋ ಟೀಮಿಗೆ 10 ಯಾರ್ಡ್ ಮುಂದೆ ಹೋಗೋಕೆ ನಾಲ್ಕು ಅವಕಾಶ, ಒಂದೊಂದು ಅವಕಾಶಕ್ಕೂ ಡೌನ್ ಅಂತಾರೆ. ಡಿಫೆನ್ಸ್ ಕಡೆ ಎಲ್ಲರಿಗಿಂತ ಮುಂದೆ ನೆಲಕ್ಕೆ ಕೈ ಊರಿ ಕೂರೋ ದಪ್ಪ ದಪ್ಪ ಆಳುಗಳು ಲೈನ್‌ಮನ್‌ಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು, ಪಕ್ಕದಲ್ಲಿ, ಎಸೆದ ಚೆಂಡು ಹಿಡಿಯೋ ರಿಸೀವರ್‌ಗಳ ಎದುರಿಗೆ ಕಾರ್ನರ್‌ಬ್ಯಾಕ್‌ಗಳು, ಎಲ್ಲರಿಗಿಂತ ಹಿಂದೆ ಇಬ್ಬರು ಸೇಫ್ಟಿಗಳು. ಇವರಲ್ಲಿ ಸಾಮಾನ್ಯವಾಗಿ ಸ್ವಲ್ಪ ಮುಂದೆ ಬಂದು ಗುದ್ದಾಡೋನು ಸ್ಟ್ರಾಂಗ್ ಸೇಫ್ಟಿ, ಆಳದಲ್ಲಿ ನಿಂತು ಇಡೀ ಮೈದಾನ ಕಾಯೋನು ಫ್ರೀ ಸೇಫ್ಟಿ. ರೀಡ್ ಹೆಸರು ಮಾಡಿದ್ದು ಫ್ರೀ ಸೇಫ್ಟಿಯಾಗಿ. ಎಲ್ಲರೂ ಸೋತ್ರೂ ಕೊನೇಲಿ ಉಳಿಯೋ ಬಾಗಿಲು ಅದು, ಅದು ತೆರ್ಕೊಂಡ್ರೆ ಮನೆ ಲೂಟಿ.

ಇಲ್ಲೇ ಒಂದು ತೊಂದ್ರೆ ಇದೆ. ಟೀವಿ ಕ್ಯಾಮೆರಾದಲ್ಲಿ ಫ್ರೀ ಸೇಫ್ಟಿ ಕಾಣಿಸೋದೇ ಕಮ್ಮಿ. ಕ್ಯಾಮೆರಾ ಚೆಂಡಿನ ಸುತ್ತ ಬಿಗಿಯಾಗಿ ಇರುತ್ತೆ, ಕ್ವಾರ್ಟರ್‌ಬ್ಯಾಕ್, ಅಂದ್ರೆ ಆಟ ನಡೆಸಿ ಚೆಂಡು ಎಸೆಯೋನು, ಎಸೆದ ಮೇಲೆ ಮಾತ್ರ ಆ ಕಡೆ ತಿರುಗುತ್ತೆ, ಆಗ ನೋಡಿದ್ರೆ ರೀಡ್ ಎಲ್ಲಿಂದಲೋ ಉದುರಿದ ಹಾಗೆ ಬಂದು ಚೆಂಡು ಕಿತ್ಕೊಂಡು ಓಡ್ತಾ ಇರ್ತಾನೆ. ಎಲ್ಲಿಂದ ಬಂದ ಅನ್ನೋದೇ ನಿಜವಾದ ಕಥೆ, ಅದು ಟೀವಿಯಲ್ಲಿ ಇರಲ್ಲ. ಅದಕ್ಕೆ ಆಲ್ ಟ್ವೆಂಟಿಟೂ ಅನ್ನೋ ಫಿಲ್ಮ್ ಹುಡುಕಿ. ಎರಡೂ ಟೀಮಿನ 22 ಜನಾನೂ ಕಾಣೋ ಹಾಗೆ ಮೇಲಿಂದ ತೆಗೆದಿರೋ ವಿಡಿಯೋ ಅದು, ಕೋಚ್‌ಗಳು ಕೂತು ನೋಡೋದು ಅದನ್ನೇ. ರೀಡ್ ಕಾಲದ ಎಲ್ಲ ಮ್ಯಾಚಿಗೂ ಸಿಗಲ್ಲ, ಆದ್ರೆ ಆನ್‌ಲೈನ್‌ನಲ್ಲಿ ಅವನ ಆಟ ಬಿಡಿಸಿ ತೋರಿಸೋ ವಿಡಿಯೋಗಳಲ್ಲಿ ತುಣುಕು ತುಣುಕಾಗಿ ಆ ಆ್ಯಂಗಲ್ ಸಿಗುತ್ತೆ. ಅದೂ ಸಿಗ್ಲಿಲ್ಲ ಅಂದ್ರೆ ರೀಪ್ಲೇ ನೋಡಿ, ರೀಪ್ಲೇಯಲ್ಲಿ ಎಷ್ಟೋ ಸಲ ಹಿಂದಿನ ಕ್ಯಾಮೆರಾ ಹಾಕ್ತಾರೆ.

ಈಗ ನೋಡೋ ರೀತಿ. ಒಂದು ಪ್ಲೇ ಅಂದ್ರೆ ಐದಾರು ಸೆಕೆಂಡ್ ಅಷ್ಟೇ, ಅದನ್ನ ಕನಿಷ್ಠ ಮೂರು ಸಲ ನೋಡಿ. ಮೊದಲನೇ ಸಲ ಸುಮ್ನೆ ನೋಡಿ, ಏನಾಯ್ತು ಅಂತ ಗೊತ್ತಾಗ್ಲಿ. ಎರಡನೇ ಸಲ ಸ್ನ್ಯಾಪ್ ಆಗೋ ಮುಂಚೆ, ಅಂದ್ರೆ ಮಧ್ಯದಲ್ಲಿರೋನು ಚೆಂಡು ಹಿಂದಕ್ಕೆ ಕೊಡೋ ಮುಂಚೆನೇ ವಿಡಿಯೋ ನಿಲ್ಲಿಸಿ ರೀಡ್ ಎಲ್ಲಿ ನಿಂತಿದಾನೆ ನೋಡಿ. ನಾನು ಸ್ಕ್ರೀನ್ ಮೇಲೆ ಬೆರಳಿಟ್ಟುಬಿಡ್ತಿದ್ದೆ, ನಿಜವಾಗ್ಲೂ, ಬೆರಳು ತೆಗೀದೆ ಪ್ಲೇ ಒತ್ತಿ ಅವನು ಬೆರಳಿನಿಂದ ಎಷ್ಟು ದೂರ ಹೋದ ಅಂತ ನೋಡ್ತಿದ್ದೆ. ಮೂರನೇ ಸಲ ಅವನನ್ನೂ ಬಿಟ್ಟು ಎದುರು ಟೀಮಿನ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ ನೋಡಿ, ಅದು ಯಾವ ಕಡೆ ತಿರುಗುತ್ತೆ, ಯಾವಾಗ ತಿರುಗುತ್ತೆ. ಈ ಮೂರನೇ ಸಲ ನೋಡಿದಾಗ್ಲೇ ಜುಮ್ ಅನ್ಸೋದು.

ಯಾಕಂದ್ರೆ ಸೇಫ್ಟಿ ಮತ್ತೆ ಕ್ವಾರ್ಟರ್‌ಬ್ಯಾಕ್ ಮಧ್ಯೆ ನಡೆಯೋದು ಕಣ್ಣಿನ ಜಗಳ. ಒಳ್ಳೆ ಕ್ವಾರ್ಟರ್‌ಬ್ಯಾಕ್ ಎಸೆಯೋ ಕಡೆ ಮೊದಲೇ ನೋಡಲ್ಲ. ಬಲಗಡೆ ಎಸೀಬೇಕು ಅಂದ್ರೆ ಎಡಗಡೆ ನೋಡ್ತಾನೆ, ಸೇಫ್ಟಿ ಆ ನೋಟ ನಂಬಿ ಎಡಕ್ಕೆ ಎರಡು ಹೆಜ್ಜೆ ಇಟ್ಟ ತಕ್ಷಣ ಬಲಕ್ಕೆ ತಿರುಗಿ ಎಸೀತಾನೆ, ಆ ಎರಡು ಹೆಜ್ಜೆ ಸಾಕು. ಬೇರೆ ಸೇಫ್ಟಿಗಳು ಈ ಬಲೆಗೆ ಬೀಳದೆ ಇರೋದು ಹೇಗೆ ಅಂತ ಕಲೀತಾರೆ. ರೀಡ್ ಅದನ್ನ ಉಲ್ಟಾ ಮಾಡ್ದ. ಬಲೆಗೆ ಬಿದ್ದ ಹಾಗೆ ನಾಟಕ ಆಡ್ತಿದ್ದ. ಎಡಕ್ಕೆ ಸೊಂಟ ತಿರುಗಿಸಿ ಹೊರಟೇಬಿಟ್ಟ ಅನ್ನೋ ಹಾಗೆ ತೋರ್ಸಿ, ಕ್ವಾರ್ಟರ್‌ಬ್ಯಾಕ್ ಸರಿ ಜಾಗ ಖಾಲಿ ಆಯ್ತು ಅಂತ ಕೈ ಎತ್ತೋ ಹೊತ್ತಿಗೆ ವಾಪಸ್ ತಿರುಗಿ ಚೆಂಡು ಬಂದು ಬೀಳೋ ಜಾಗಕ್ಕೆ ಓಡ್ತಿದ್ದ, ಎಷ್ಟೋ ಸಲ ರಿಸೀವರ್‌ಗಿಂತ ಮುಂಚೆ ಅಲ್ಲಿ ಇವನೇ ಇರ್ತಿದ್ದ. ಇದನ್ನ ಗುರುತಿಸೋಕೆ ಅವನ ಕಾಲು ನೋಡ್ಬೇಡಿ, ಸೊಂಟ ನೋಡಿ. ಕಾಲು ಸುಳ್ಳು ಹೇಳುತ್ತೆ, ತಲೆ ಸುಳ್ಳು ಹೇಳುತ್ತೆ, ಆದ್ರೆ ಪೂರ್ತಿ ತಿರುಗಿದ ಸೊಂಟಾನ ವಾಪಸ್ ತರೋಕೆ ಟೈಮ್ ಬೇಕು. ರೀಡ್ ನಾಟಕ ಆಡುವಾಗ ಸೊಂಟ ಅರ್ಧಕ್ಕೇ ನಿಂತಿರುತ್ತೆ. ಇದು ಒಂದು ಸಲ ಕಣ್ಣಿಗೆ ಬಿತ್ತು ಅಂದ್ರೆ ಆಮೇಲೆ ಯಾವ ಸೇಫ್ಟಿ ಆಟ ನೋಡಿದ್ರೂ ಅದೇ ಕಾಣುತ್ತೆ.

ಇನ್ನೊಂದು ವಿಷಯ, ಸ್ನ್ಯಾಪ್ ಮುಂಚೆ ಇಬ್ಬರು ಸೇಫ್ಟಿ ಆಳದಲ್ಲಿ ಇದ್ರೆ ಒಂದು ಅರ್ಥ, ಒಬ್ಬನೇ ಇದ್ರೆ ಇನ್ನೊಂದು ಅರ್ಥ. ಇಬ್ಬರು ಹಿಂದೆ ಮೈದಾನ ಅರ್ಧ ಅರ್ಧ ಹಂಚ್ಕೊಂಡ್ರೆ ಕವರ್ ಟೂ ಅನ್ನೋ ಕಾವಲು, ಒಬ್ಬನೇ ಮಧ್ಯದಲ್ಲಿ ನಿಂತ್ರೆ ಕವರ್ ಒನ್ ಅಥವಾ ಕವರ್ ತ್ರೀ. ಕ್ವಾರ್ಟರ್‌ಬ್ಯಾಕ್ ಇದನ್ನ ಎಣಿಸಿನೇ ಪ್ಲೇ ಇಟ್ಕೋಬೇಕಾ ಬದಲಾಯಿಸ್ಬೇಕಾ ಅಂತ ತೀರ್ಮಾನ ಮಾಡ್ತಾನೆ. ರೇವನ್ಸ್ ಡಿಫೆನ್ಸ್, ಅದ್ರಲ್ಲೂ ರೆಕ್ಸ್ ರಯನ್ ಡಿಫೆನ್ಸ್ ನೋಡ್ಕೊಳ್ಳೋ ಕೋಚ್, ಅಂದ್ರೆ ಡಿಫೆನ್ಸಿವ್ ಕೋಆರ್ಡಿನೇಟರ್ ಆಗಿದ್ದಾಗ, ಈ ಎಣಿಕೆನೇ ಕೆಡಿಸ್ತಿತ್ತು. ಒಂದು ಥರ ನಿಂತು, ಸ್ನ್ಯಾಪ್ ಆಗ್ತಿದ್ದ ಹಾಗೆ ಇನ್ನೊಂದು ಥರ ಆಗಿಬಿಡೋದು. ಇದಕ್ಕೆಲ್ಲ ರೀಡ್ ಬುದ್ಧಿನೇ ಬಂಡವಾಳ. ಫಿಲ್ಮ್ ನೋಡೋ ಹುಚ್ಚು ಅವನಿಗೆ ಎಷ್ಟಿತ್ತು ಅಂತ ಜೊತೆ ಆಡಿದೋರೆಲ್ಲ ಹೇಳ್ತಾರೆ, ಎದುರಿನೋರ ಅಭ್ಯಾಸಗಳನ್ನ ವಾರಪೂರ್ತಿ ಓದಿ ಭಾನುವಾರ ಪರೀಕ್ಷೆ ಬರೆಯೋ ಹಾಗೆ. ಆ ಕಾರಣಕ್ಕೇ ಕೆಲವು ಸಲ ಕೋಚ್ ಹೇಳಿದ ಜಾಗ ಬಿಟ್ಟು ತನಗೆ ಅನ್ಸಿದ ಜಾಗಕ್ಕೆ ಹೋಗ್ತಿದ್ದ. ಅದು ತಪ್ಪಾದಾಗ ದೊಡ್ಡ ಪಾಸ್ ಬಿಟ್ಟುಕೊಟ್ಟಿದ್ದೂ ಉಂಟು. ಹೈಲೈಟ್ಸ್ ಮಾತ್ರ ನೋಡಿದ್ರೆ ಇದು ಗೊತ್ತಾಗಲ್ಲ, ಅದಕ್ಕೆ ಒಂದಾದ್ರೂ ಪೂರ್ತಿ ಮ್ಯಾಚ್ ನೋಡಿ ಅಂತ ಕೈಮುಗಿದು ಕೇಳ್ಕೋತೀನಿ.

ಸರಿ, ಯಾವ ಕ್ರಮದಲ್ಲಿ ನೋಡ್ಬೇಕು?

ಕಾಲೇಜಿಂದ ಶುರು ಮಾಡಿ. ರೀಡ್ ಹುಟ್ಟಿದ್ದು 1978ರಲ್ಲಿ, ಬೆಳೆದಿದ್ದು ಲೂಸಿಯಾನಾದ ಸೇಂಟ್ ರೋಸ್ ಅನ್ನೋ ಊರಲ್ಲಿ, ನ್ಯೂ ಆರ್ಲಿಯನ್ಸ್‌ಗೆ ಹತ್ತಿರ, ಈ ಊರನ್ನ ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ. ಕಾಲೇಜ್ ಆಟ ಆಡಿದ್ದು ಮಯಾಮಿ ಯೂನಿವರ್ಸಿಟಿಗೆ. 2001ರ ಸೀಸನ್‌ನಲ್ಲಿ ಆ ಟೀಮ್ ಒಂದೂ ಮ್ಯಾಚ್ ಸೋಲದೆ ನ್ಯಾಷನಲ್ ಚಾಂಪಿಯನ್ ಆಯ್ತು. ಆ ವರ್ಷದ ಬಾಸ್ಟನ್ ಕಾಲೇಜ್ ಮ್ಯಾಚಿನ ಕೊನೇ ಕ್ಷಣ ಹುಡುಕಿ ನೋಡಿ. ಮಯಾಮಿ ಸಣ್ಣ ಅಂತರದಲ್ಲಿ ಮುಂದಿದೆ, ಬಾಸ್ಟನ್ ಕಾಲೇಜ್ ಗೆಲ್ಲೋಕೆ ಹತ್ತಿರ ಬಂದುಬಿಟ್ಟಿದೆ, ಎಸೆದ ಚೆಂಡು ಒಬ್ಬನ ಕಾಲಿಗೆ ಬಡಿದು ಮೇಲಕ್ಕೆ ಹಾರಿ ಮಯಾಮಿಯ ಲೈನ್‌ಮನ್ ಮ್ಯಾಟ್ ವಾಲ್ಟರ್ಸ್ ಕೈಗೆ ಸಿಗುತ್ತೆ. ಅವನು ಅಲ್ಲೇ ಬಿದ್ದಿದ್ರೂ ಮ್ಯಾಚ್ ಮುಗೀತಿತ್ತು. ಆದ್ರೆ ಸ್ವಂತ ಟೀಮಿನೋನ ಕೈಯಿಂದಲೇ ರೀಡ್ ಚೆಂಡು ಕಿತ್ಕೊಂಡು 80 ಯಾರ್ಡ್ ಓಡಿ ಟಚ್‌ಡೌನ್ ಮಾಡ್ತಾನೆ. ಸ್ವಂತ ಟೀಮಿನೋನ ಕೈಯಿಂದ! ಚೆಂಡು ತನ್ನ ಹತ್ರ ಇದ್ರೇನೇ ಸರಿ ಅನ್ನೋ ಆ ನಂಬಿಕೆ ಅವನ ಇಡೀ ಕರಿಯರ್‌ನಲ್ಲಿ ಕಾಣುತ್ತೆ, ಒಳ್ಳೇದಕ್ಕೂ, ಒಂದೊಂದು ಸಲ ಕೆಟ್ಟದ್ದಕ್ಕೂ.

ಟೀಮುಗಳು ಹೊಸ ಆಟಗಾರರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋ ಡ್ರಾಫ್ಟ್‌ನಲ್ಲಿ, 2002ರಲ್ಲಿ, ರೇವನ್ಸ್ ಅವನನ್ನ 24ನೇ ಆಯ್ಕೆಯಾಗಿ ತಗೊಳ್ತು. ಅವನಿಗಿಂತ ಮುಂಚೆ 23 ಜನರನ್ನ ಬೇರೆ ಟೀಮುಗಳು ಆರಿಸಿದ್ವು ಅನ್ನೋದು ಈಗ ನೆನೆಸ್ಕೊಂಡ್ರೆ ವಿಚಿತ್ರ ಅನ್ಸುತ್ತೆ. ಮೊದಲನೇ ವರ್ಷ 5 ಇಂಟರ್ಸೆಪ್ಷನ್ (ಎದುರಿನೋರು ಎಸೆದ ಪಾಸ್ ಕಿತ್ಕೊಳ್ಳೋದು), ಎರಡನೇ ವರ್ಷ 7. ಆ ಎರಡು ವರ್ಷಾನ ಬೇಗ ದಾಟಿ 2004ಕ್ಕೆ ಬನ್ನಿ, ಅಲ್ಲಿ ನಿಂತ್ಕೊಳ್ಳಿ.

2004ರಲ್ಲಿ 9 ಇಂಟರ್ಸೆಪ್ಷನ್, ಅವುಗಳನ್ನ ಹಿಡ್ಕೊಂಡು ಓಡಿದ್ದು 358 ಯಾರ್ಡ್, ಆಗ ಅದು ಒಂದು ಸೀಸನ್‌ನ ದಾಖಲೆ. ಲೀಗಿನ ಆ ವರ್ಷದ ಡಿಫೆನ್ಸಿವ್ ಪ್ಲೇಯರ್ ಆಫ್ ದಿ ಇಯರ್ ಅವನೇ. ಆ ವರ್ಷ ನೀವು ನೋಡ್ಲೇಬೇಕಾದ್ದು ನವೆಂಬರ್‌ನಲ್ಲಿ ನಡೆದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮ್ಯಾಚ್. ರೇವನ್ಸ್ 20, ಬ್ರೌನ್ಸ್ 13, ಆಟ ಮುಗಿಯೋಕೆ ಒಂದು ನಿಮಿಷಾನೂ ಇಲ್ಲ, ಬ್ರೌನ್ಸ್ ಗೋಲ್ ಲೈನ್ ಹತ್ತಿರ ಇದೆ, ಒಂದು ಟಚ್‌ಡೌನ್ ಹೊಡೆದ್ರೆ ಸಮ. ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ ಜೆಫ್ ಗಾರ್ಸಿಯಾ ಎಸೆದ ಚೆಂಡು ಎಂಡ್ ಝೋನ್‌ನಲ್ಲಿ ಆಟಗಾರನೊಬ್ಬನಿಗೆ ತಟ್ಟಿ ಮೇಲೆ ಚಿಮ್ಮುತ್ತೆ, ರೀಡ್ ಹಿಡೀತಾನೆ. ಬುದ್ಧಿವಂತರು ಹೇಳೋದು ಏನಂದ್ರೆ ಅಲ್ಲೇ ಮಂಡಿ ಊರು, ಚೆಂಡು ನಮ್ದು, ಮ್ಯಾಚ್ ನಮ್ದು. ರೀಡ್ ಊರಲಿಲ್ಲ. 106 ಯಾರ್ಡ್ ಓಡಿ ಇನ್ನೊಂದು ತುದೀಲಿ ಟಚ್‌ಡೌನ್ ಮಾಡ್ದ. ಇದನ್ನ ನೋಡುವಾಗ ಅವನನ್ನ ಬಿಟ್ಟು ಒಂದು ಸಲ ಸುತ್ತ ಇರೋ ರೇವನ್ಸ್ ಆಟಗಾರರನ್ನ ನೋಡಿ. ಚೆಂಡು ಇವನ ಕೈಗೆ ಸಿಕ್ತು ಅಂದ ತಕ್ಷಣ ಎಲ್ಲರೂ ತಿರುಗಿ ಬ್ಲಾಕ್ ಮಾಡೋಕೆ, ಅಂದ್ರೆ ಎದುರಿನೋರನ್ನ ತಡೆದು ದಾರಿ ಬಿಡಿಸೋಕೆ ಓಡ್ತಾರೆ, ಇವನು ನಿಲ್ಲಲ್ಲ ಅಂತ ಅವರಿಗೆಲ್ಲ ಗೊತ್ತು.

ಆ 106 ಯಾರ್ಡ್ ಆಗ ಲೀಗಿನ ಅತಿ ಉದ್ದದ ಇಂಟರ್ಸೆಪ್ಷನ್ ಓಟದ ದಾಖಲೆ, ಅದನ್ನ 2008ರ ನವೆಂಬರ್‌ನಲ್ಲಿ ಅವನೇ ಮುರಿದ. ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ, ಮೊದಲರ್ಧ ಆದ್ಮೇಲೆ ಅವರ ಕ್ವಾರ್ಟರ್‌ಬ್ಯಾಕ್ ಡೊನೋವನ್ ಮೆಕ್‌ನ್ಯಾಬ್‌ನ ಕೂರಿಸಿ ಕೆವಿನ್ ಕಾಲ್ಬ್ ಅನ್ನೋ ಹೊಸ ಹುಡುಗನ್ನ ಇಳಿಸಿದ್ರು. ಅವನು ಗೋಲ್ ಲೈನ್ ಹತ್ತಿರದಿಂದ ಎಸೆದಿದ್ದನ್ನ ರೀಡ್ ಎಂಡ್ ಝೋನ್ ಒಳಗೆ ಹಿಡಿದು ಇಡೀ ಮೈದಾನ ಓಡ್ದ. ಮೊದಲು 108 ಯಾರ್ಡ್ ಅಂತ ಬರೆದ್ರು, ಆಮೇಲೆ ಸರಿಮಾಡಿ 107 ಮಾಡಿದ್ರು, ನೀವು ಎರಡೂ ಸಂಖ್ಯೆ ನೋಡಿದ್ರೆ ಗೊಂದಲ ಬೇಡ. ಎರಡು ಓಟಾನೂ ಪಕ್ಕ ಪಕ್ಕ ಇಟ್ಕೊಂಡು ನೋಡಿ, ಓಟದ ಮಧ್ಯೆ ಅವನು ಯಾವಾಗ ನಿಧಾನ ಮಾಡ್ತಾನೆ ಅಂತ ಗಮನಿಸಿ. ಬ್ಲಾಕ್ ಮಾಡೋರು ಮುಂದೆ ಹೋಗ್ಲಿ ಅಂತ ಕಾಯ್ತಾನೆ. ಈ ತಾಳ್ಮೆಯನ್ನ ಮಾತಲ್ಲಿ ಹೇಳೋದು ಕಷ್ಟ, ನೋಡೇ ತಿಳೀಬೇಕು.

ಸೋತ ಮ್ಯಾಚನ್ನೂ ಪಟ್ಟೀಲಿ ಸೇರಿಸ್ಕೊಳ್ಳಿ. 2007ರ ಜನವರಿ, ಪ್ಲೇಆಫ್, ಬಾಲ್ಟಿಮೋರ್‌ನಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಬಂದಿದೆ, ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್. ರೀಡ್ ಎರಡು ಸಲ ಮ್ಯಾನಿಂಗ್‌ನ ಪಾಸ್ ಕಿತ್ಕೊಂಡ. ಕೋಲ್ಟ್ಸ್ ಒಂದೂ ಟಚ್‌ಡೌನ್ ಮಾಡಲಿಲ್ಲ. ಆದ್ರೂ ಐದು ಫೀಲ್ಡ್ ಗೋಲ್ (ಚೆಂಡನ್ನ ಕಂಬಗಳ ಮಧ್ಯೆ ಒದ್ದು ಪಡೆಯೋ ಅಂಕ) ಹೊಡೆದು 15-6ರಲ್ಲಿ ಗೆದ್ದುಬಿಟ್ರು, ರೇವನ್ಸ್ ಕಡೆಯೋರ ಕೈಲಿ ಟಚ್‌ಡೌನ್ ಆಗ್ಲಿಲ್ಲ. ನನಗೆ ಈ ಮ್ಯಾಚ್ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ. ಡಿಫೆನ್ಸ್ ಆಟಗಾರ ಎಷ್ಟೇ ಚೆನ್ನಾಗಿ ಆಡಿದ್ರೂ ಅವನ ಕೈಲಿ ಇಲ್ಲದೇ ಇರೋದು ಎಷ್ಟಿದೆ ಅಂತ ಈ ಒಂದು ಮ್ಯಾಚ್ ಹೇಳುತ್ತೆ, ಮ್ಯಾನಿಂಗ್ ಥರದೋನು ಅವತ್ತು ಎಷ್ಟು ಜಾಗ್ರತೆಯಿಂದ ಆಡ್ತಿದ್ದ ಅನ್ನೋದನ್ನೂ ಜೊತೆಗೆ ನೋಡಿ.

ಇನ್ನು ನಂಬರ್‌ಗಳು. ಒಟ್ಟು 64 ಇಂಟರ್ಸೆಪ್ಷನ್, ಅದ್ರಲ್ಲಿ 61 ರೇವನ್ಸ್‌ಗೆ. ಇಂಟರ್ಸೆಪ್ಷನ್ ಮಾಡಿ ಓಡಿದ್ದು 1,590 ಯಾರ್ಡ್, ಅಂದ್ರೆ ಒಂದೊಂದಕ್ಕೂ ಸುಮಾರು 25 ಯಾರ್ಡ್. ಪಾಲ್ ಕ್ರೌಸ್ ಅನ್ನೋ ಹಳೇ ಸೇಫ್ಟಿ 81 ಇಂಟರ್ಸೆಪ್ಷನ್ ಮಾಡಿದಾನೆ, ಹಾಗಾಗಿ ಎಣಿಕೆಯಲ್ಲಿ ರೀಡ್ ಮೊದಲನೆಯವನಲ್ಲ. ಓಟದ ಯಾರ್ಡ್ ಲೆಕ್ಕದಲ್ಲಿ ಮೊದಲಿದ್ದ ರಾಡ್ ವುಡ್‌ಸನ್‌ನ 2012ರ ಮೊದಲ ಮ್ಯಾಚಲ್ಲೇ ರೀಡ್ ದಾಟಿದ. ಇದನ್ನ ಓದೋ ಕ್ರಮ ಹೀಗಿರ್ಲಿ: ಇಂಟರ್ಸೆಪ್ಷನ್ ಸಂಖ್ಯೆ ಒಂದನ್ನೇ ವರ್ಷದಿಂದ ವರ್ಷಕ್ಕೆ ಹೋಲಿಸಿ ಇವನು ಈ ವರ್ಷ ಬಿದ್ದೋದ ಅಂತ ತೀರ್ಪು ಕೊಡಬೇಡಿ. 2005ರಲ್ಲಿ ಅವನದು ಒಂದೇ ಒಂದು, ಆದ್ರೆ ಗಾಯ ಆಗಿ ಆಡಿದ್ದು 10 ಮ್ಯಾಚ್. 2008ರಲ್ಲಿ 9 ಇದ್ದಿದ್ದು 2009ರಲ್ಲಿ 3 ಆಯ್ತು. ಎದುರಿನೋರು ಅವನಿರೋ ಕಡೆ ಎಸೆಯೋದನ್ನೇ ಬಿಟ್ರೆ ಅವನಿಗೆ ಚೆಂಡು ಸಿಗೋದು ಎಲ್ಲಿಂದ? ಎಸೆಯದೇ ಉಳಿದ ಪಾಸ್‌ಗೆ ಯಾರೂ ಲೆಕ್ಕ ಇಡಲ್ಲ. ಅದಕ್ಕೇ ಫಿಲ್ಮ್ ನೋಡುವಾಗ ಕ್ವಾರ್ಟರ್‌ಬ್ಯಾಕ್ ಮಧ್ಯದಲ್ಲಿ ಆಳಕ್ಕೆ ನೋಡಿ, ಎಸೆಯೋಕೆ ಕೈ ಎತ್ತಿ, ಬೇಡ ಅಂತ ಹತ್ತಿರದೋನಿಗೆ ಚಿಕ್ಕ ಪಾಸ್ ಕೊಟ್ಟಿದ್ದನ್ನ ಒಂದು ಹಾಳೆಯಲ್ಲಿ ಗೀಟು ಎಳೆದು ಎಣಿಸಿ. ನಾನು ಹೀಗೆ ಎಣಿಸಿದ ಮ್ಯಾಚಲ್ಲಿ ರೀಡ್ ಹೆಸರು ಕಾಮೆಂಟರಿಯಲ್ಲಿ ಬಂದಿದ್ದು ಒಂದೆರಡು ಸಲ, ಹಾಳೆ ತುಂಬ ಗೀಟು.

ಇನ್ನೊಂದು ಅಪರೂಪದ ಲೆಕ್ಕ ಇದೆ. ಇಂಟರ್ಸೆಪ್ಷನ್ ಹಿಡಿದು ಟಚ್‌ಡೌನ್, ಎದುರಿನೋರು ಬೀಳಿಸಿದ ಫಂಬಲ್ ಎತ್ಕೊಂಡು ಟಚ್‌ಡೌನ್, ಪಂಟ್, ಅಂದ್ರೆ ಎದುರಿನೋರು ದೂರಕ್ಕೆ ಒದ್ದ ಚೆಂಡು, ವಾಪಸ್ ತಂದು ಟಚ್‌ಡೌನ್, ಪಂಟ್ ಬ್ಲಾಕ್ ಮಾಡಿ ಟಚ್‌ಡೌನ್, ಈ ನಾಲ್ಕೂ ಮಾಡಿದ ಮೊದಲ ಆಟಗಾರ ಇವನು. ಪಂಟ್ ಬ್ಲಾಕ್ ಅಂದ್ರೆ ಬಹಳ ಜನ ಆ ಹೊತ್ತಲ್ಲಿ ನೀರು ಕುಡಿಯೋಕೆ ಎದ್ದು ಹೋಗ್ತಾರೆ, ಚೆಂಡು ಒದೆಯೋ ಹೊತ್ತಿಗೆ ಇಳಿಯೋ ಸ್ಪೆಷಲ್ ಟೀಮ್ಸ್ ಆಟ ಅಲ್ವಾ ಅಂತ. ರೀಡ್ ಕಾಲದ ಮ್ಯಾಚ್ ನೋಡ್ತಿದ್ರೆ ಮಾತ್ರ ಎದ್ದು ಹೋಗಬೇಡಿ.

ಗಾಯಗಳ ವರ್ಷಗಳನ್ನ ಬಿಟ್ಟು ಮುಂದೆ ಹೋಗೋ ಆಸೆ ಆಗುತ್ತೆ, ಹೋಗ್ಬೇಡಿ, ನನಗೆ ಅತಿ ಇಷ್ಟವಾದ ಭಾಗ ಅದೇ. ಕುತ್ತಿಗೆಯಲ್ಲಿ ನರದ ತೊಂದ್ರೆ ವರ್ಷಗಟ್ಟಲೆ ಇತ್ತು, ಅದನ್ನ ಇಟ್ಕೊಂಡೇ ಆಡ್ದ. ಎದುರಿನೋರನ್ನ ಗುದ್ದಿ ಕೆಡವೋ ಟ್ಯಾಕಲ್‌ಗಳು ಕಮ್ಮಿ ಆದ್ವು, ಕಡೇ ವರ್ಷಗಳಲ್ಲಿ ಟ್ಯಾಕಲ್ ತಪ್ಪಿಸ್ಕೊಂಡಿದ್ದೂ ಕಣ್ಣಿಗೆ ಕಾಣುತ್ತೆ, ಮುಚ್ಚಿಡೋದು ಬೇಡ. 2010ರಲ್ಲಿ ಸೊಂಟದ ಆಪರೇಷನ್ ಆಗಿ ಮೊದಲ ಆರು ಮ್ಯಾಚ್ ಆಡಲೇ ಇಲ್ಲ. ವಾಪಸ್ ಬಂದ ಮೊದಲ ಮ್ಯಾಚಲ್ಲೇ ಬಫಲೋ ಬಿಲ್ಸ್ ವಿರುದ್ಧ ಎರಡು ಇಂಟರ್ಸೆಪ್ಷನ್. ಬರೀ 10 ಮ್ಯಾಚಲ್ಲಿ 8 ಇಂಟರ್ಸೆಪ್ಷನ್ ಮಾಡಿ ಇಡೀ ಲೀಗಿಗೇ ಮೊದಲನೆಯವನಾದ, ಬೇರೆಯೋರಿಗೆ 16 ಮ್ಯಾಚ್ ಸಿಕ್ಕಿತ್ತು ಅನ್ನೋದು ನೆನಪಿರ್ಲಿ. ಕಾಲಿನ ವೇಗ ಕಮ್ಮಿ ಆಗ್ತಾ ಆಗ್ತಾ ತಲೆಯ ವೇಗ ಹೇಗೆ ಜಾಸ್ತಿ ಆಗುತ್ತೆ ಅಂತ ನೋಡೋಕೆ 2004ರ ಒಂದು ಪ್ಲೇ, 2010ರ ಒಂದು ಪ್ಲೇ ಪಕ್ಕದಲ್ಲಿ ಇಟ್ಕೊಳ್ಳಿ. 2004ರಲ್ಲಿ ತಡವಾಗಿ ಹೊರಟ್ರೂ ಓಡಿ ಸೇರ್ತಾನೆ, 2010ರಲ್ಲಿ ಮೊದಲೇ ಹೊರಟಿರ್ತಾನೆ. ಅದೇ ವರ್ಷ ಕ್ಯಾರೊಲಿನಾ ಪ್ಯಾಂಥರ್ಸ್ ವಿರುದ್ಧ ಚೆಂಡು ಕಿತ್ಕೊಂಡು ಓಡ್ತಾ ಓಡ್ತಾ ಪಕ್ಕದಲ್ಲಿದ್ದ ಡವಾನ್ ಲ್ಯಾಂಡ್ರಿಗೆ ಎಸೆದು ಅವನ ಕೈಲಿ ಟಚ್‌ಡೌನ್ ಮಾಡಿಸ್ದ. ಬಾಸ್ಟನ್ ಕಾಲೇಜ್ ಮ್ಯಾಚಲ್ಲಿ ಕಿತ್ಕೊಂಡೋನು ಇಲ್ಲಿ ಕೊಡ್ತಿದಾನೆ.

ಆ ವರ್ಷದ ಡಿಫೆನ್ಸಿವ್ ಪ್ಲೇಯರ್ ಪ್ರಶಸ್ತಿ ಹೋಗಿದ್ದು ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಟ್ರಾಯ್ ಪೊಲಮಾಲುಗೆ. ಯಾರು ದೊಡ್ಡೋರು ಅಂತ ಜಗಳ ಆಡೋರು ಇವತ್ತಿಗೂ ಇದಾರೆ. ನನ್ನ ಸಲಹೆ, ಜಗಳಕ್ಕೆ ಹೋಗದೆ ಇಬ್ಬರನ್ನೂ ಒಂದೇ ಮ್ಯಾಚಲ್ಲಿ ನೋಡಿ, ರೇವನ್ಸ್ ಮತ್ತೆ ಸ್ಟೀಲರ್ಸ್ ಒಂದೇ ಡಿವಿಷನ್, ವರ್ಷಕ್ಕೆ ಎರಡು ಸಲ ಆಡ್ತಾವೆ. ಪೊಲಮಾಲು ಲೈನ್ ಹತ್ತಿರ ಬಂದು ಬೆಂಕಿ ಹಚ್ಚೋನು, ರೀಡ್ ದೂರದಲ್ಲಿ ನಿಂತು ಎಲ್ಲ ನೋಡ್ತಿರೋನು. ಒಂದೇ ಹೆಸರಿನ ಜಾಗದಲ್ಲಿ ಎಷ್ಟು ಬೇರೆ ಥರ ಆಡಬಹುದು ಅಂತ ಇದಕ್ಕಿಂತ ಚೆನ್ನಾಗಿ ಬೇರೆಲ್ಲೂ ಸಿಗಲ್ಲ.

2013ರ ಫೆಬ್ರವರಿ 3ನೇ ತಾರೀಖಿನ ಸೂಪರ್ ಬೌಲ್‌ನ, ಅಂದ್ರೆ ಲೀಗಿನ ಫೈನಲ್‌ನ, ಕೊನೇಗೆ ಇಟ್ಕೊಳ್ಳಿ. ರೇವನ್ಸ್ ಎದುರು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್, ಜಾಗ ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ಅಂದ್ರೆ ರೀಡ್ ಬೆಳೆದ ಸೇಂಟ್ ರೋಸ್‌ನಿಂದ ಕೂಗಳತೆ ದೂರ. ಹನ್ನೊಂದು ವರ್ಷ ಆಡಿದ ಮೇಲೆ ಅವನ ಮೊದಲ ಸೂಪರ್ ಬೌಲ್, ಅದೂ ತವರಲ್ಲಿ. ಎರಡನೇ ಕ್ವಾರ್ಟರ್‌ನಲ್ಲಿ ಫಾರ್ಟಿನೈನರ್ಸ್‌ನ ಕಾಲಿನ್ ಕೇಪರ್ನಿಕ್ ಎಸೆದ ಪಾಸ್ ಎತ್ತರವಾಗಿ ರಿಸೀವರ್ ತಲೆ ಮೇಲಿಂದ ಹೋಗುತ್ತೆ, ಹಿಂದೆ ರೀಡ್ ನಿಂತಿದಾನೆ, ಹಿಡೀತಾನೆ. ಸಾಧಾರಣ ಕ್ಯಾಚ್ ಥರ ಕಾಣುತ್ತೆ. ವಾಪಸ್ ಹೋಗಿ ಸ್ನ್ಯಾಪ್ ಹೊತ್ತಿಗೆ ವಿಡಿಯೋ ನಿಲ್ಲಿಸಿ, ಬೆರಳಿಡಿ, ಅವನ ಸೊಂಟ ಎತ್ತ ತಿರುಗಿದೆ ನೋಡಿ, ಇಷ್ಟೊತ್ತಿಗೆ ನಿಮಗೇ ಓದೋಕೆ ಬರುತ್ತೆ. ಆ ಮ್ಯಾಚಲ್ಲಿ ಮೂರನೇ ಕ್ವಾರ್ಟರ್‌ಗೆ ಸ್ಟೇಡಿಯಂನಲ್ಲಿ ಕರೆಂಟ್ ಹೋಗಿ 34 ನಿಮಿಷ ಆಟ ನಿಂತಿತ್ತು, ಅದನ್ನ ಫಾರ್ವರ್ಡ್ ಮಾಡಿ. ಕೊನೇಗೆ 34-31, ರೇವನ್ಸ್ ಗೆಲುವು.

ಅದಾದ ಮೇಲೆ ಹೂಸ್ಟನ್ ಟೆಕ್ಸನ್ಸ್‌ಗೆ ಹೋದ, ಅಲ್ಲಿ ಕೂಡಿಬರಲಿಲ್ಲ, ಸೀಸನ್ ಮಧ್ಯದಲ್ಲೇ ಬಿಟ್ಟರು, ಹಳೇ ಗುರು ರೆಕ್ಸ್ ರಯನ್ ಹೆಡ್ ಕೋಚ್ ಆಗಿದ್ದ ನ್ಯೂಯಾರ್ಕ್ ಜೆಟ್ಸ್‌ಗೆ ಬಂದು ಇನ್ನೂ 3 ಇಂಟರ್ಸೆಪ್ಷನ್ ಮಾಡ್ದ. ಹಸಿರು ಜರ್ಸಿಯಲ್ಲಿ ಅವನನ್ನ ನೋಡೋಕೆ ನನಗೆ ಮನಸ್ಸಾಗಲ್ಲ, ನೀವು ನೋಡಿದ್ರೆ ಆ ಮೂರನ್ನ ಮಾತ್ರ ನೋಡಿ. 2019ರಲ್ಲಿ ಅರ್ಹತೆ ಬಂದ ಮೊದಲ ವರ್ಷವೇ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು.

ಇಷ್ಟನ್ನ ಒಂದೇ ವಾರದಲ್ಲಿ ನೋಡಿ ಮುಗಿಸೋಕೆ ಹೋಗ್ಬೇಡಿ. ರಾತ್ರಿಗೆ ಒಂದು ಕ್ವಾರ್ಟರ್ ಸಾಕು. ಮುಗಿದ ಮೇಲೆ ಈಗ ನಡೀತಿರೋ ಯಾವುದಾದ್ರೂ ಲೈವ್ ಮ್ಯಾಚ್ ಹಾಕಿ, ಮೊದಲ ಸ್ನ್ಯಾಪ್‌ಗೆ ಮುಂಚೆ ಆಳದಲ್ಲಿ ಎಷ್ಟು ಜನ ಸೇಫ್ಟಿ ಇದಾರೆ ಅಂತ ಎಣಿಸಿ, ಒಬ್ಬನಾ, ಇಬ್ಬರಾ.